ಜಾಲಪುಟದ ಕ್ರಮವಿಧಿಗಳಲ್ಲಿ ಸಂಜ್ಞೆ ಮತ್ತು ವ್ಯಾಪ್ತಿ

ಪಶ್ಚಿಮ ಬೆಂಗಳೂರಿನಲ್ಲಿ ‘೫ನೆಯ ಮೇನ್, ೩ನೆಯ ಕ್ರಾಸ್’ ಎಂಬಷ್ಟನ್ನೇ ಚೀಟಿಯಲ್ಲಿ ಬರೆದುಕೊಂಡು ಮನೆ ಹುಡುಕಹೊರಟವನು ಗುರಿ ಮುಟ್ಟುವುದು ಕಷ್ಟ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಈ ಮೂರು ಬಡಾವಣೆಗಳಲ್ಲಿಯೂ ಬೀದಿಗಳ ಎಣಿಕೆ ಬೇರೆಬೇರೆಯಾಗಿ ಮೊದಲಾಗುವುದರಿಂದ ಒಂದೇ ಸಂಖ್ಯೆಯು ಹಲವು ಬೀದಿಗಳಿಗೆ ಸಲ್ಲುತ್ತದೆ. ಇಲ್ಲಿ ಹೆಸರು ತಪ್ಪಲ್ಲ. ಅದು ಸಲ್ಲುವ ಎಲ್ಲೆಯನ್ನು ಹೇಳದೆ ಬಿಟ್ಟುದು ತಪ್ಪು. ‘ವಿಜಯನಗರ’ವೆಂಬ ಹೆಸರನ್ನೇ ನೋಡಬಹುದು. ಅದು ೧೩೩೬ರಲ್ಲಿ ಸ್ಥಾಪಿತವಾಯಿತೆನ್ನುವ ರಾಜ್ಯದ ರಾಜಧಾನಿಗೂ, ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಜಿಲ್ಲೆಗೂ, ಬೆಂಗಳೂರಿನ ಈ ಬಡಾವಣೆಗೂ ಏಕರೀತಿಯಾಗಿ ಸಲ್ಲುತ್ತದೆ. ಆದರೂ ನಗರದ ಬಸ್ಸಿನಲ್ಲಿ ವಿಜಯನಗರಕ್ಕೆ ಟಿಕೆಟು ಕೇಳಿದವನು ತನ್ನನ್ನು ಹಂಪೆಗೆ ಒಯ್ದಾರೆಂದು ಹೆದರುವುದಿಲ್ಲ. ಒಳಗಣ ಎಲ್ಲೆಯ ಹೆಸರು ಹೊರಗಣ ಎಲ್ಲೆಯ ಅದೇ ಹೆಸರನ್ನು ಮರೆಮಾಡುತ್ತದೆ. ಲೋಕವ್ಯವಹಾರವು ಇದನ್ನು ಕಲಿಸದೆಯೇ ಅರಿತಿದೆ. ಇನ್ನು ‘ಕೆಂಗೇರಿ ಗೇಟ್’ ಇದ್ದುದು ಕೆಂಗೇರಿಯಲ್ಲಲ್ಲ, ಹಳೆಯ ಬೆಂಗಳೂರು ಪೇಟೆಯ ಅಂಚಿನಲ್ಲಿ. ಅದು ಕೆಂಗೇರಿಯ ದಾರಿಗೆ ತೆರೆದ ಬಾಗಿಲಾದುದರಿಂದ ಆ ಹೆಸರನ್ನು ಪಡೆಯಿತು. ಬಾಗಿಲಿನ ಹೆಸರನ್ನು ನಂಬಿ ಊರಿನಲ್ಲಿ ಬಾಗಿಲನ್ನು ಹುಡುಕುವವನಿಗೆ ಅದು ಸಿಕ್ಕುವುದಿಲ್ಲ.

ಗಣಕಯಂತ್ರಕ್ಕೆ ಈ ಲೋಕಜ್ಞಾನವಿಲ್ಲ. ಹೆಸರು ಎಲ್ಲಿಂದ ಎಲ್ಲಿಯವರೆಗೆ ಸಲ್ಲುವುದೆಂಬುದನ್ನು ಅದಕ್ಕೆ ನಿಯಮದ ಮೂಲಕವೇ ತಿಳಿಸಬೇಕು. ಆ ನಿಯಮವು ಬಗೆಬಗೆಯಾಗಿ ಬದಲಾದ ಚರಿತ್ರೆಯೂ, ಅದನ್ನರಿಯದೆ ಬರೆದ ಕ್ರಮವಿಧಿಗಳಲ್ಲಿ ದೋಷವು ಹುಟ್ಟುವ ಬಗೆಯೂ ಇಲ್ಲಿಯ ವಿಷಯ. ಉದಾಹರಣೆಯ ಅನುಕೂಲಕ್ಕಾಗಿ ಪಶ್ಚಿಮ ಬೆಂಗಳೂರಿನ ವಿಳಾಸಗಳನ್ನು ತೋರಿಸುವ ಒಂದು ಜಾಲಪುಟವನ್ನು ಕಲ್ಪಿಸಿಕೊಳ್ಳಬಹುದು. ಅದರಲ್ಲಿ ಗುಂಡಿಗಳಿವೆ; ಗುಂಡಿಯನ್ನು ಒತ್ತಿದಾಗ ‘ತೋರಿಸು’ ಎಂಬ ಫಂಕ್ಷನ್ ನಡೆದು ವಿಳಾಸವು ಕಾಣಬೇಕು. ಫಂಕ್ಷನ್ ಎಂದರೆ ಹೆಸರಿಟ್ಟ ಒಂದು ಕ್ರಿಯಾಖಂಡ: ಒಂದು ಸಲ ಬರೆದಿಟ್ಟು, ಬೇಕಾದಾಗ ಹೆಸರಿನಿಂದ ಕರೆಯತಕ್ಕದ್ದು.

ಗುಂಡಿ ಒತ್ತಿದರೂ ವಿಳಾಸ ಕಾಣದಿದ್ದಾಗ ಬ್ರೌಸರು ಸಾಮಾನ್ಯವಾಗಿ ಎರಡರಲ್ಲೊಂದು ಮಾತನ್ನು ಹೇಳುತ್ತದೆ. ಒಂದು, ‘ತೋರಿಸು ಎಂಬುದು ವಿಧಿತವಾಗಿಲ್ಲ’ ಎಂಬ ಅರ್ಥದ್ದು. ಇನ್ನೊಂದು, ‘ತೋರಿಸು ಎಂಬುದು ಫಂಕ್ಷನ್ ಅಲ್ಲ’ ಎಂಬ ಅರ್ಥದ್ದು. ಹೊಸಬರು ಈ ಎರಡನ್ನೂ ಒಂದೇ ಎಂದು ತಿಳಿಯುವುದುಂಟು. ಅವುಗಳಲ್ಲಿ ಇರುವ ಅಂತರ ದೊಡ್ಡದು. ಮೊದಲನೆಯದರಲ್ಲಿ ಕರೆದ ಸ್ಥಳದಿಂದ ಕಾಣುವ ಯಾವ ಎಲ್ಲೆಯಲ್ಲಿಯೂ ಆ ಹೆಸರಿಲ್ಲ. ಎರಡನೆಯದರಲ್ಲಿ ಹೆಸರು ದೊರೆತಿದೆ, ಆದರೆ ಆ ಹೆಸರಿನವನು ಬೇರೊಬ್ಬ. ನಿಘಂಟಿನಲ್ಲಿ ಶಬ್ದವೇ ಇಲ್ಲದಿರುವುದಕ್ಕೂ, ಶಬ್ದವಿದ್ದು ಪ್ರಕೃತಕ್ಕೆ ಹೊಂದದ ಅರ್ಥವನ್ನು ಕೊಡುವುದಕ್ಕೂ ಇರುವಷ್ಟು ಭೇದವಿದು. ಮೂರನೆಯದೊಂದು ಸ್ಥಿತಿಯೂ ಉಂಟು. ಬೇರೊಬ್ಬನು ದೊರೆತು, ಅವನೂ ಫಂಕ್ಷನ್ನೇ ಆಗಿದ್ದು, ಕರೆದ ಕೂಡಲೆ ತನ್ನ ಕೆಲಸವನ್ನು ಮಾಡಿ ಸುಮ್ಮನಾಗುತ್ತಾನೆ. ಬ್ರೌಸರು ಏನನ್ನೂ ಹೇಳುವುದಿಲ್ಲ. ಭಯಪಡಬೇಕಾದುದು ಈ ಮೌನಕ್ಕೆ. ಸಂಜ್ಞೆ ಮತ್ತು ವ್ಯಾಪ್ತಿಗಳ ನಿಯಮಗಳಲ್ಲಿ ಅರುವತ್ತು ವರ್ಷಗಳಿಂದ ನಡೆದ ತಿದ್ದುಪಡಿಗಳನ್ನು ಅವಲೋಕಿಸಿದರೆ ಅವುಗಳಲ್ಲಿ ಬಹುಪಾಲು ಮೌನವಾಗಿದ್ದ ದೋಷವನ್ನು ಮಾತನಾಡಿಸುವ ಪ್ರಯತ್ನಗಳೆಂದೇ ತೋರುತ್ತದೆ.

ವ್ಯಾಪ್ತಿಯ ಪ್ರಶ್ನೆ ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಹೊಸತಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ ಸುಮಾರು ೪೦೦೦ ಸೂತ್ರಗಳು ಅಷ್ಟು ಸಂಕ್ಷಿಪ್ತವಾಗಿರುವುದಕ್ಕೆ ಅಧಿಕಾರ ಅನುವೃತ್ತಿಗಳು ಮುಖ್ಯ ಕಾರಣ. ಒಂದು ಸಲ ಹೇಳಿದ ಪದವು ಮುಂದಿನ ಸೂತ್ರಗಳಿಗೂ ಹರಿದುಬರುತ್ತದೆ. ಎಲ್ಲಿಯವರೆಗೆ ಹರಿಯುವುದೆಂಬುದೇ ಪ್ರಶ್ನೆ. ಕೆಲವು ಕಡೆ ‘ಇಂಥಲ್ಲಿಯವರೆಗೆ’ ಎಂದು ಸೂತ್ರಕಾರನು ಬಾಯಿಬಿಟ್ಟು ಹೇಳಿದ್ದಾನೆ. ಉಳಿದೆಡೆ ಅಧಿಕಾರವನ್ನು ಸ್ವರಿತಸ್ವರದಿಂದ ಗುರುತಿಸಬೇಕೆಂದು ೧.೩.೧೧ರಲ್ಲಿ ವಿಧಿಸಿದ್ದಾನೆ. ಕಾಲಕ್ರಮದಲ್ಲಿ ಸೂತ್ರಪಾಠದಿಂದ ಆ ಸ್ವರಚಿಹ್ನೆಯು ಲೋಪವಾಯಿತು. ಪದಗಳೆಲ್ಲಾ ಉಳಿದುವು, ಅವು ಸಲ್ಲುವ ಎಲ್ಲೆಯ ಗುರುತು ಮಾತ್ರ ಹೋಯಿತು. ಆದಕಾರಣ ಎಲ್ಲೆಯನ್ನು ನಿರ್ಣಯಿಸುವ ಭಾರವು ವ್ಯಾಖ್ಯಾನಕಾರರ ಮೇಲೆ ಬಿದ್ದಿತು.

ಹೆಸರುಗಳ ಘರ್ಷಣೆಗೂ ಅಲ್ಲಿ ಎಡೆಯುಂಟು. ೧.೪.೧ರಿಂದ ೨.೨.೩೮ರ ವರೆಗಿನ ಭಾಗದಲ್ಲಿ ಒಂದು ವಸ್ತುವಿಗೆ ಒಂದೇ ಸಂಜ್ಞೆ ಸಲ್ಲಬೇಕೆಂದೂ, ಸಮಬಲದ ಎರಡು ವಿಧಿಗಳು ತಾಗಿದರೆ ಪರವಾದುದೇ ಗೆಲ್ಲಬೇಕೆಂದೂ ಕಟ್ಟಳೆಯಿದೆ. ಕೊನೆಯ ಅಧ್ಯಾಯದ ಕಡೆಯ ಮೂರು ಪಾದಗಳಲ್ಲಿ ನಡೆದ ಕಾರ್ಯವಾದರೋ ಹಿಂದಿನ ಸೂತ್ರಗಳ ದೃಷ್ಟಿಗೆ ನಡೆದೇ ಇಲ್ಲದಂತೆ. ಎಂದರೆ ಯಾವ ಸ್ಥಳದಿಂದ ಯಾವುದು ಕಾಣುವುದು, ಯಾವುದು ಕಾಣದು ಎಂಬುದೂ ಶಾಸ್ತ್ರದ ವಿಷಯವೇ ಆಗಿದ್ದಿತು. ಕನ್ನಡ ವೈಯಾಕರಣರಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ಕಂದಪದ್ಯಗಳಲ್ಲಿ ಹೆಣೆದು ಸಂಧಿ, ನಾಮ, ಸಮಾಸ ಮೊದಲಾದ ಪ್ರಕರಣಗಳಾಗಿ ವಿಂಗಡಿಸಿದನು. ಭಟ್ಟಾಕಳಂಕನು ೧೬೦೪ರಲ್ಲಿ ಮುಗಿಸಿದ ಕರ್ಣಾಟಕ ಶಬ್ದಾನುಶಾಸನದಲ್ಲಿ ೫೯೨ ಸಂಸ್ಕೃತ ಸೂತ್ರಗಳ ಮಾರ್ಗವನ್ನೇ ಹಿಡಿದು, ವೃತ್ತಿಯನ್ನೂ ವ್ಯಾಖ್ಯೆಯನ್ನೂ ತಾನೇ ಬರೆದನು. ಸೂತ್ರದ ಎಲ್ಲೆಯ ಬಗ್ಗೆ ಮುಂದಿನವರು ಕಾದಾಡಬೇಕಾಗಬಾರದೆಂಬ ಎಚ್ಚರವೂ ಇದರಲ್ಲಿ ಇದ್ದಿರಬಹುದು.

ಇಷ್ಟರಿಂದ ಪಾಣಿನಿಯೇ ಗಣಕಭಾಷೆಗಳ ಮೂಲಪುರುಷನೆಂದು ಸಾರುವುದು ಉಚಿತವಲ್ಲ. ಗಣಕಭಾಷೆಗಳ ವಾಕ್ಯರಚನೆಯನ್ನು ವಿವರಿಸಲು ಬಳಕೆಯಾಗುತ್ತಿದ್ದ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ೧೯೬೭ರಲ್ಲಿ ಇಂಗರ್‌ಮನ್ ಎಂಬವರು ಸೂಚಿಸಿದ್ದುಂಟು. ಅದು ಸಾದೃಶ್ಯಕ್ಕೆ ಸಲ್ಲಿಸಿದ ಗೌರವ, ವಂಶಾವಳಿಯಲ್ಲ. ಒಂದೇ ಬಗೆಯ ತೊಡಕು ಎರಡು ಕಾಲಗಳಲ್ಲಿ ಎದುರಾಯಿತೆನ್ನುವುದೇ ಸಾಕು.

ಗಣಕಭಾಷೆಗಳಲ್ಲಿ ಎಲ್ಲೆಯನ್ನು ಬರಹದಲ್ಲಿಯೇ ಗುರುತಿಸುವ ಪದ್ಧತಿಗೆ ದೃಢವಾದ ರೂಪವನ್ನು ಕೊಟ್ಟುದು ೧೯೬೦ರಲ್ಲಿ ಪೀಟರ್ ನೌರರ ಸಂಪಾದಕತ್ವದಲ್ಲಿ ಪ್ರಕಟವಾದ ಆಲ್ಗಾಲ್ ೬೦ ವರದಿ. ಆರಂಭ ಅಂತ್ಯಗಳೆಂಬ ಎರಡು ಪದಗಳ ನಡುವಣ ಭಾಗವು ಅದರಲ್ಲಿ ಒಂದು ಬ್ಲಾಕು. ಅದರೊಳಗೆ ಹುಟ್ಟಿದ ಹೆಸರು ಅದರ ಹೊರಗೆ ಸಲ್ಲದು. ರಾಜಾಜಿನಗರದ ಬ್ಲಾಕಿಗೂ ಈ ಬ್ಲಾಕಿಗೂ ಹೆಸರು ಒಂದಾದುದು ಆಕಸ್ಮಿಕವಾದರೂ ಪಾಠ ಹೇಳುವವರಿಗೆ ಅನುಕೂಲವಾದುದು. ಅದೇ ಕಾಲದಲ್ಲಿ ಜಾನ್ ಮೆಕಾರ್ಥಿಯವರು ರೂಪಿಸಿದ ಲಿಸ್ಪ್ ಭಾಷೆ ಬೇರೆ ದಾರಿ ಹಿಡಿಯಿತು. ಅದರಲ್ಲಿ ಹೆಸರಿನ ಅರ್ಥವು ಫಂಕ್ಷನ್ನನ್ನು ಎಲ್ಲಿ ಬರೆದಿದೆಯೆಂಬುದನ್ನಲ್ಲದೆ, ಯಾರು ಕರೆದರೆಂಬುದನ್ನು ಅವಲಂಬಿಸಿತು. ಮನೆಯ ವಿಳಾಸವು ಮನೆ ನಿಂತ ಬಡಾವಣೆಗೆ ಸೇರದೆ, ಕೇಳಿಕೊಂಡು ಬಂದವನ ಬಡಾವಣೆಗೆ ಸೇರಿದಂತೆ ಇದು. ಬಸವೇಶ್ವರನಗರದವನು ಕೇಳಿದರೆ ಒಂದು ಬೀದಿ, ಕೆಂಗೇರಿಯವನು ಕೇಳಿದರೆ ಇನ್ನೊಂದು. ಕ್ರಮವಿಧಿಯನ್ನು ಓದಿ ಅರ್ಥಮಾಡಿಕೊಳ್ಳುವುದು ಇದರಿಂದ ಅಸಾಧ್ಯವಾಗುತ್ತದೆ, ನಡೆಸಿಯೇ ನೋಡಬೇಕಾಗುತ್ತದೆ. ೧೯೭೫ರಲ್ಲಿ ಸಸ್ಮನ್ ಮತ್ತು ಸ್ಟೀಲರು ರಚಿಸಿದ ಸ್ಕೀಮ್ ಭಾಷೆಯು ಲಿಸ್ಪಿನ ಮನೆತನದಲ್ಲಿಯೇ ಬರಹದ ಎಲ್ಲೆಯನ್ನು ನೆಲೆಗೊಳಿಸಿತು. ಫಂಕ್ಷನ್ ತಾನು ಹುಟ್ಟಿದ ಸ್ಥಳದ ಹೆಸರುಗಳನ್ನು ತನ್ನೊಡನೆ ಕೊಂಡೊಯ್ಯುತ್ತದೆ, ಎಲ್ಲಿ ಕರೆದರೂ ಅದೇ ಅರ್ಥ.

ಜಾಲಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ಈ ಸ್ಕೀಮಿನಿಂದ ಬಹಳವನ್ನು ಪಡೆದಿದೆ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕರು ೧೯೯೫ರ ಮೇ ತಿಂಗಳಲ್ಲಿ ಹತ್ತು ದಿನಗಳೊಳಗೆ ಇದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಭಾಷೆಯ ಹೆಸರೇ ಆ ವರ್ಷದಲ್ಲಿ ಎರಡು ಸಲ ಬದಲಾಯಿತು: ಮೊದಲು ಮೋಕಾ, ಬಳಿಕ ಲೈವ್‌ಸ್ಕ್ರಿಪ್ಟ್, ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್. ಜಾವಾ ಎಂಬ ಭಾಷೆಯೊಡನೆ ಇದಕ್ಕೆ ರಕ್ತಸಂಬಂಧವಿಲ್ಲದಿದ್ದರೂ ಹೆಸರಿನ ಸಂಬಂಧವು ಅಂದಿನಿಂದ ಅಂಟಿಕೊಂಡಿದೆ; ಸಂಜ್ಞಾದೋಷದ ಚರಿತ್ರೆಯಲ್ಲಿ ಇದನ್ನೂ ಒಂದು ಪ್ರಕರಣವಾಗಿ ಎಣಿಸಬಹುದು. ಅವಸರದ ಕೆಲಸವಾದುದರಿಂದ ಮೂರು ಸಡಿಲಗಳು ಉಳಿದುವು. ‘ವಾರ್’ ಎಂಬ ಪದದಿಂದ ಹುಟ್ಟಿಸಿದ ಹೆಸರು ಬ್ಲಾಕಿಗೆ ಸೀಮಿತವಾಗದೆ ಇಡೀ ಫಂಕ್ಷನ್ನಿಗೆ ವ್ಯಾಪಿಸುತ್ತಿದ್ದಿತು. ಹುಟ್ಟಿಸದೆಯೇ ಬೆಲೆ ಕೊಟ್ಟ ಹೆಸರು ಮೌನವಾಗಿ ಸರ್ವವ್ಯಾಪಿಯಾಗುತ್ತಿದ್ದಿತು. ಒಂದೇ ಎಲ್ಲೆಯಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್ನುಗಳನ್ನು ಬರೆದರೆ, ಪಾಣಿನಿಯಲ್ಲಿದ್ದಂತೆ, ಪರವಾದುದೇ ಗೆಲ್ಲುತ್ತಿದ್ದಿತು. ಪಾಣಿನಿಯು ಅದನ್ನು ವಿಧಿಸಿ ಹೇಳಿದ್ದಾನೆ. ಇಲ್ಲಿಯಾದರೋ ಬರೆದವನಿಗೆ ಸುಳಿವೇ ಇಲ್ಲ.

ಮೊದಲ ಸಡಿಲದ ಫಲವನ್ನು ಕಲ್ಪಿತ ವಿಳಾಸಪುಟದಲ್ಲಿ ನೋಡಬಹುದು. ರಾಜಾಜಿನಗರದ ಆರು ಬ್ಲಾಕುಗಳಿಗೆ ಆರು ಗುಂಡಿಗಳನ್ನು ಮಾಡಬೇಕಾಗಿದೆ. ಒಂದರಿಂದ ಆರರ ವರೆಗೆ ಎಣಿಸುತ್ತಾ, ಪ್ರತಿಯೊಂದು ಗುಂಡಿಗೂ ‘ಒತ್ತಿದಾಗ ಈ ಸಂಖ್ಯೆಯನ್ನು ತೋರಿಸು’ ಎಂದು ಅಂಟಿಸಿದ್ದಾಯಿತು. ಯಾವ ಗುಂಡಿ ಒತ್ತಿದರೂ ೭ ಎಂದೇ ಕಾಣುತ್ತದೆ, ಏಳನೆಯ ಬ್ಲಾಕೇ ಇಲ್ಲ! ಆರು ಫಂಕ್ಷನ್ನುಗಳೂ ಹಿಡಿದಿದ್ದುದು ಸಂಖ್ಯೆಗಳನ್ನಲ್ಲ, ಎಲ್ಲಕ್ಕೂ ಸಾಧಾರಣವಾದ ಒಂದೇ ಹೆಸರನ್ನು. ಎಣಿಕೆ ಮುಗಿದು ಆರನ್ನು ದಾಟಿದಾಗ ಆ ಹೆಸರಿನಲ್ಲಿ ಉಳಿದುದು ೭. ಜನರು ಗುಂಡಿಯನ್ನು ಒತ್ತುವ ವೇಳೆಗೆ ಎಣಿಕೆ ಎಂದೋ ಮುಗಿದಿರುತ್ತದೆ. ೨೦೧೫ರಲ್ಲಿ ಬಂದ ‘ಲೆಟ್’ ಎಂಬ ಪದವು ಬ್ಲಾಕಿನ ಎಲ್ಲೆಯನ್ನು ಪಾಲಿಸಿ, ಪ್ರತಿಯೊಂದು ಸುತ್ತಿಗೂ ಹೊಸದೊಂದು ಹೆಸರನ್ನು ಹುಟ್ಟಿಸುವುದರಿಂದ ಒಂದು ಪದವನ್ನು ಬದಲಾಯಿಸಿದ ಮಾತ್ರಕ್ಕೆ ಈ ದೋಷವು ಹೋಗುತ್ತದೆ.

ಎರಡನೆಯ ಸಡಿಲವನ್ನು ೨೦೦೯ರ ಐದನೆಯ ಆವೃತ್ತಿಯು ಬಿಗಿಗೊಳಿಸಿತು. ಕ್ರಮವಿಧಿಯ ತಲೆಯಲ್ಲಿ ‘ಯೂಸ್ ಸ್ಟ್ರಿಕ್ಟ್’ ಎಂದು ಬರೆದರೆ, ಹುಟ್ಟಿಸದ ಹೆಸರಿಗೆ ಬೆಲೆ ಕೊಡುವುದು ಕೂಡಲೆ ದೋಷವೆಂದು ಘೋಷಿತವಾಗುತ್ತದೆ. ೨೦೧೫ರ ಆವೃತ್ತಿಯ ಮಾಡ್ಯೂಲುಗಳಲ್ಲಿ ಈ ಬಿಗಿ ತಾನಾಗಿಯೇ ಇದೆ. ಅಲ್ಲಿ ಮೇಲ್ಮಟ್ಟದಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್ನುಗಳನ್ನು ಬರೆದರೂ ಬ್ರೌಸರು ಒಪ್ಪುವುದಿಲ್ಲ. ಹೀಗೆ ಮೂರನೆಯದೂ ಬಾಯಿ ತೆರೆಯಿತು.

ಈ ಬಿಗಿಯಿಂದಲೇ ಇಂದು ಅತಿ ಸಾಮಾನ್ಯವಾದ ದೋಷವೊಂದು ಹುಟ್ಟುತ್ತದೆ. ಗುಂಡಿಯನ್ನು ವರ್ಣಿಸುವ ಎಚ್‌ಟಿಎಂಎಲ್ ಸಾಲಿನಲ್ಲಿಯೇ ‘ಆನ್‌ಕ್ಲಿಕ್’ ಎಂಬುದರ ಮುಂದೆ ಫಂಕ್ಷನ್ನಿನ ಹೆಸರನ್ನು ಬರೆಯುವ ಹಳೆಯ ರೂಢಿಯೊಂದಿದೆ. ಹಾಗೆ ಬರೆದ ಹೆಸರನ್ನು ಬ್ರೌಸರು ಕೊನೆಗೆ ಹುಡುಕುವುದು ಪುಟದ ಸರ್ವವ್ಯಾಪಿ ಎಲ್ಲೆಯಲ್ಲಿ. ‘ತೋರಿಸು’ವನ್ನು ಮಾಡ್ಯೂಲಿನಲ್ಲಿಯೋ, ಪುಟ ಸಿದ್ಧವಾದ ಮೇಲೆ ನಡೆಯತಕ್ಕ ಇನ್ನೊಂದು ಫಂಕ್ಷನ್ನಿನ ಒಳಗೋ ಬರೆದಿದ್ದರೆ ಅದು ಅಲ್ಲಿಗೆ ಕಾಣುವುದಿಲ್ಲ. ಬರೆದವನ ಕಣ್ಣ ಮುಂದೆಯೇ ಫಂಕ್ಷನ್ ಇದೆ, ಬ್ರೌಸರು ಇಲ್ಲವೆನ್ನುತ್ತದೆ. ಎರಡೂ ಸತ್ಯವೇ. ಫಂಕ್ಷನ್ನನ್ನು ಬಲವಂತವಾಗಿ ಸರ್ವವ್ಯಾಪಿಯಾಗಿ ಮಾಡುವುದು ಒಂದು ಪರಿಹಾರ. ಅದು ಹಳೆಯ ಮೌನವನ್ನು ಮರಳಿ ಕರೆತರುವ ಪರಿಹಾರ. ಸಾಧುವಾದುದು, ಆ ಫಂಕ್ಷನ್ ಹುಟ್ಟಿದ ಎಲ್ಲೆಯೊಳಗೇ ನಿಂತು, ‘ಆಡ್ ಈವೆಂಟ್ ಲಿಸನರ್’ ಎಂಬ ಸಾಧನದಿಂದ ಗುಂಡಿಗೆ ಅದನ್ನು ಕಟ್ಟುವುದು.

ಮೇಲೆ ‘ಕೊನೆಗೆ’ ಎಂದು ಹೇಳಿದುದಕ್ಕೆ ಕಾರಣವಿದೆ. ಆನ್‌ಕ್ಲಿಕ್ ಸಾಲಿನಲ್ಲಿ ಬರೆದ ಹೆಸರನ್ನು ಬ್ರೌಸರು ಮೊದಲು ಆ ಗುಂಡಿಯಲ್ಲಿ ಹುಡುಕುತ್ತದೆ, ಗುಂಡಿಯು ಅರ್ಜಿಯ ನಮೂನೆಯೊಂದಕ್ಕೆ ಸೇರಿದ್ದರೆ ಬಳಿಕ ಆ ನಮೂನೆಯಲ್ಲಿ, ತರುವಾಯ ಡಾಕ್ಯುಮೆಂಟಿನಲ್ಲಿ, ಎಲ್ಲಿಯೂ ಇಲ್ಲದಿದ್ದರೆ ಸರ್ವವ್ಯಾಪಿ ಎಲ್ಲೆಯಲ್ಲಿ. ವಿಳಾಸವನ್ನು ಅಳಿಸುವ ಫಂಕ್ಷನ್ನಿಗೆ ‘ಕ್ಲಿಯರ್’ ಎಂದು ಹೆಸರಿಟ್ಟನೆನ್ನೋಣ. ಡಾಕ್ಯುಮೆಂಟಿಗೆ ಅದೇ ಹೆಸರಿನ ಪುರಾತನ ಫಂಕ್ಷನ್ ಒಂದುಂಟು. ಅದು ಈಗ ಏನನ್ನೂ ಮಾಡುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಗುಂಡಿಯನ್ನು ಒತ್ತಿದರೆ ಆ ಮುದುಕನು ಎದ್ದು ಬಂದು ಸುಮ್ಮನೆ ಹೋಗುತ್ತಾನೆ. ದೋಷಸೂಚನೆಯಿಲ್ಲ, ಅಳಿಸುವಿಕೆಯೂ ಇಲ್ಲ. ‘ಓಪನ್’ ಎಂದು ಹೆಸರಿಟ್ಟರೆ ಇನ್ನೂ ಕೆಡುಕು: ಡಾಕ್ಯುಮೆಂಟಿನ ಅದೇ ಹೆಸರಿನ ಫಂಕ್ಷನ್ ನಡೆದು ಪುಟದಲ್ಲಿದ್ದುದೆಲ್ಲಾ ಬರಿದಾಗುತ್ತದೆ. ಅರ್ಜಿಯ ಗುಂಡಿಗೆ ‘ಸಬ್ಮಿಟ್’ ಎಂದು ಹೆಸರಿಡುವವರು ಬಹಳ. ಆ ಹೆಸರು ಅರ್ಜಿಯನ್ನು ಕಳುಹಿಸುವ ಅದೇ ಹೆಸರಿನ ಫಂಕ್ಷನ್ನನ್ನು ಮರೆಮಾಡುವುದರಿಂದ, ಕ್ರಮವಿಧಿಯಿಂದ ಅರ್ಜಿಯನ್ನು ಕಳುಹಿಸಹೊರಟಾಗ ‘ಫಂಕ್ಷನ್ ಅಲ್ಲ’ ಎಂಬ ಉತ್ತರ ಬರುತ್ತದೆ. ಇಂಥ ದೋಷಗಳನ್ನು ಹುಡುಕುವಾಗ ಫಂಕ್ಷನ್ನಿನ ಹೆಸರನ್ನು ತಾತ್ಕಾಲಿಕವಾಗಿ ಅಪೂರ್ವವಾದೊಂದು ಹೆಸರಿಗೆ ಬದಲಾಯಿಸಿ ನೋಡುವುದು ಹಳಬರ ಉಪಾಯ. ಹೆಸರು ಬದಲಾದ ಕೂಡಲೆ ಕೆಲಸ ನಡೆದರೆ ದೋಷವು ಫಂಕ್ಷನ್ನಿನ ಒಡಲಿನಲ್ಲಿಲ್ಲ, ಹೆಸರಿನಲ್ಲಿದೆ.

ಕಾಗುಣಿತದ ದೋಷಗಳನ್ನು ವಿಸ್ತರಿಸಬೇಕಾಗಿಲ್ಲ. ಕನ್ನಡ ಲಿಪಿಯಲ್ಲಿ ಇಲ್ಲದ ಒಂದು ತೊಡಕು ಇಂಗ್ಲಿಷಿನಲ್ಲಿರುವುದನ್ನು ಮಾತ್ರ ಸೂಚಿಸಬಹುದು: ದೊಡ್ಡಕ್ಷರ ಸಣ್ಣಕ್ಷರಗಳು ಜಾವಾಸ್ಕ್ರಿಪ್ಟಿಗೆ ಬೇರೆಬೇರೆ. ‘ಗೆಟ್ ಎಲಿಮೆಂಟ್ ಬೈ ಐಡಿ’ ಎಂಬುದರ ಕೊನೆಯ ಅಕ್ಷರವು ಸಣ್ಣದೇ ಆಗಬೇಕು. ಆದರೆ ಬ್ರೌಸರಿನ ಹೆಸರುಗಳೇ ಒಂದು ನೀತಿಗೆ ಒಳಪಟ್ಟಿಲ್ಲ. ‘ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್’ ಎಂಬ ಒಂದೇ ಹೆಸರಿನಲ್ಲಿ ಮೊದಲ ಸಂಕ್ಷೇಪವು ಪೂರ್ತಿಯಾಗಿ ದೊಡ್ಡಕ್ಷರ, ಎರಡನೆಯದರಲ್ಲಿ ಮೊದಲಕ್ಷರ ಮಾತ್ರ ದೊಡ್ಡದು.

ಹೆಸರಿನ ಘರ್ಷಣೆಯು ಒಬ್ಬನ ಪುಟವನ್ನು ಮೀರಿ ಭಾಷೆಯ ಚರಿತ್ರೆಯನ್ನೇ ತಿರುಗಿಸಿದ ಸಂದರ್ಭವೊಂದು ೨೦೧೮ರಲ್ಲಿ ನಡೆಯಿತು. ಪಟ್ಟಿಯೊಳಗಣ ಪಟ್ಟಿಗಳನ್ನು ಬಿಡಿಸಿ ಒಂದಾಗಿಸುವ ಸಾಧನವನ್ನು ಭಾಷೆಗೆ ಸೇರಿಸಿ ‘ಫ್ಲ್ಯಾಟನ್’ ಎಂದು ಹೆಸರಿಡಲು ಭಾಷಾಸಮಿತಿಯು ಹೊರಟಿದ್ದಿತು. ಮೂಟೂಲ್ಸ್ ಎಂಬ ಹಳೆಯ ಗ್ರಂಥಾಲಯವು ಅದೇ ಸ್ಥಳದಲ್ಲಿ ಅದೇ ಹೆಸರನ್ನು ವರ್ಷಗಳ ಹಿಂದೆಯೇ ತನ್ನ ಕೆಲಸಕ್ಕಾಗಿ ನೆಟ್ಟಿದ್ದಿತು. ಫೈರ್‌ಫಾಕ್ಸಿನ ಪರೀಕ್ಷಾ ಆವೃತ್ತಿಯಲ್ಲಿ ಹೊಸ ಸಾಧನವು ಬಂದೊಡನೆ, ಮೂಟೂಲ್ಸನ್ನು ನಂಬಿದ್ದ ಪುಟವೊಂದು ಕೆಟ್ಟಿತು. ಹೆಸರನ್ನು ‘ಸ್ಮೂಶ್’ ಎಂದು ಮಾಡೋಣವೆಂಬ ವಿನೋದದ ಸಲಹೆಯು ದೊಡ್ಡ ಕೋಲಾಹಲವನ್ನೆಬ್ಬಿಸಿತು. ಕಡೆಗೆ ‘ಫ್ಲ್ಯಾಟ್’ ಎಂಬ ಹೆಸರು ನಿಂತು ೨೦೧೯ರ ಆವೃತ್ತಿಯನ್ನು ಸೇರಿತು. ಯಾರೂ ಹೊಸದಾಗಿ ಬಳಸದ ಗ್ರಂಥಾಲಯವೊಂದಕ್ಕಾಗಿ ಭಾಷೆಯು ಬಾಗಬೇಕೆ ಎಂದು ಕೇಳಿದವರುಂಟು. ಬಳಸದಿರುವುದು ಬೇರೆ, ಇಲ್ಲದಿರುವುದು ಬೇರೆ. ಹಳೆಯ ಪುಟಗಳನ್ನು ಓದುತ್ತಿದ್ದವರ ಪರವಾಗಿ ಸಮಿತಿಯು ಮಾಡಿದ ನಿರ್ಧಾರವು ನ್ಯಾಯವಾದುದೇ.

ಕಡೆಯದಾಗಿ ಕನ್ನಡದ ಹೆಸರುಗಳ ಮಾತು. ಫಂಕ್ಷನ್ನಿಗೆ ಕನ್ನಡ ಲಿಪಿಯಲ್ಲಿಯೇ ‘ತೋರಿಸು’ ಎಂದು ಹೆಸರಿಡಲು ಜಾವಾಸ್ಕ್ರಿಪ್ಟಿನಲ್ಲಿ ಅಡ್ಡಿಯಿಲ್ಲ. ಕನ್ನಡವು ೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿದ್ದಿತು. ಜಾವಾಸ್ಕ್ರಿಪ್ಟಿನ ೧೯೯೯ರ ಮೂರನೆಯ ಆವೃತ್ತಿಯು ಯೂನಿಕೋಡಿನ ಅಕ್ಷರಗಳನ್ನು ಹೆಸರುಗಳಲ್ಲಿ ಒಪ್ಪಿಕೊಂಡಿತು. ತೊಡಕಿರುವುದು ಓತ್ವದ ದೀರ್ಘದಲ್ಲಿ. ಯೂನಿಕೋಡಿನಲ್ಲಿ ‘ತೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ಕಟ್ಟಳೆಯೂ ಅವನ್ನು ಸಮಾನವೆಂದೇ ಹೇಳುತ್ತದೆ. ೨೦೦೮ರಲ್ಲಿ ಬಂದ ಪೈಥಾನ್ ೩ ಹೆಸರುಗಳನ್ನು ಓದುವಾಗಲೇ ಇಂಥ ಎರಡು ರೂಪಗಳನ್ನು ಒಂದಾಗಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಹಾಗೆ ಮಾಡುವುದಿಲ್ಲ. ಸಂಕೇತಗಳ ಸಾಲು ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಹೆಸರು ಒಂದೇ. ಒಬ್ಬನು ಒಂದು ಕೀಲಿಮಣೆಯಲ್ಲಿ ಬರೆದ ಫಂಕ್ಷನ್ನನ್ನು ಇನ್ನೊಬ್ಬನು ಬೇರೆ ಸಾಧನದಿಂದ ಬಂದ ಬರಹದಲ್ಲಿ ಕರೆದರೆ, ‘ತೋರಿಸು ಎಂಬುದು ವಿಧಿತವಾಗಿಲ್ಲ’ ಎಂಬ ಸೂಚನೆಯು ‘ತೋರಿಸು’ ಎಂದು ಸ್ಪಷ್ಟವಾಗಿ ಬರೆದಿರುವ ಪುಟದ ಮೇಲೆಯೇ ಮೂಡಬಹುದು.

‘ಸೂರ್ಯ’ ಮತ್ತು ‘ಸೂರ‍್ಯ’ ಎಂಬಲ್ಲಿಯೂ ಹೀಗೆಯೇ. ಅರ್ಕಾವತ್ತಿನ ರೂಪವೂ ರಕಾರವನ್ನು ಪೂರ್ತಿಯಾಗಿ ಬರೆದ ರೂಪವೂ ಓದುಗನಿಗೆ ಒಂದೇ ಶಬ್ದ. ಎರಡನೆಯದರಲ್ಲಿ ಮಾತ್ರ ಕಾಣದ ಕೂಡುಚಿಹ್ನೆಯೊಂದು ಅಡಗಿದೆ. ೨೦೦೯ರ ಆವೃತ್ತಿಯು ಅಂಥ ಚಿಹ್ನೆಗಳಿಗೆ ಹೆಸರುಗಳ ಒಳಗೆ ಅನುಮತಿಯಿತ್ತಿದೆ. ‘ಸೇವ್’ ‘ಪ್ರಿಂಟ್’ ಮುಂತಾದ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ತುದಿಯಲ್ಲಿ ಬೇರ್ಪಡಿಸುವ ಚಿಹ್ನೆಯು ಉಳಿದುಕೊಂಡರೆ ಅದರ ಗುರುತು ಕಾಗದದ ಮೇಲೆಯೂ ಇಲ್ಲ, ತೆರೆಯ ಮೇಲೆಯೂ ಇಲ್ಲ. ಅಷ್ಟಾಧ್ಯಾಯಿಯಲ್ಲಿ ಇರಬೇಕಾದ ಚಿಹ್ನೆಯು ಹೋಗಿ ತೊಡಕಾಯಿತು. ಇಲ್ಲಿ ಇರಬಾರದ ಚಿಹ್ನೆಯು ಉಳಿದು ತೊಡಕಾಗುತ್ತದೆ. ಓಲೆಯ ಪ್ರತಿಗಳನ್ನು ಹೋಲಿಸುವ ಗ್ರಂಥಸಂಪಾದಕನು ಕಣ್ಣಿನಿಂದ ಪಾಠಾಂತರವನ್ನು ಕಾಣುತ್ತಾನೆ. ಈ ಪಾಠಾಂತರವನ್ನು ಕಣ್ಣು ಕಾಣದಾದುದರಿಂದ ಎಣಿಸಿಯೇ ನೋಡಬೇಕು. ಎರಡು ಕಡೆಯ ಹೆಸರುಗಳನ್ನೂ ಉದ್ಧರಣಚಿಹ್ನೆಗಳ ನಡುವೆ ಇಟ್ಟು ಉದ್ದವನ್ನು ಕೇಳಿದರೆ ಬ್ರೌಸರು ಹೇಳುತ್ತದೆ: ಒಂದಾಗಿ ಬರೆದ ‘ತೋರಿಸು’ವಿನ ಉದ್ದ ೬, ಬಿಡಿಸಿ ಬರೆದುದರದು ೮.